ಗೆರೆ ಬಿದ್ದ ಮನೆ

ಕ್ಯಾರಿಯರಿನ ಮೂರನೆಯ ಡಬ್ಬಿಯ ಮುಚ್ಚಳ ಕೂರುತ್ತಿರಲಿಲ್ಲ. ಅದು ಎಂದೂ ಒಂದೇ ಸಲಕ್ಕೆ ಕೂತದ್ದಿಲ್ಲ. ಈ ಬದಿ ಒತ್ತಿದರೆ ಆ ಬದಿ ಏಳುತ್ತದೆ, ಆ ಬದಿ ಒತ್ತಿದರೆ ಈ ಬದಿ. ಮೊಣಕಾಲ ನಡುವೆ ಇರುಕಿಕೊಂಡು, ಎರಡೂ ಹೆಬ್ಬೆರಳಿನಿಂದ ಅದುಮಿ, ಹಿಡಿಯನ್ನು ಎಳೆದು ಸಿಕ್ಕಿಸಿದೆ. ಕೆಳಗೆ ಸಾರು, ನಡುವೆ ಅನ್ನ, ಮೇಲೆ ಹೆಸರುಕಾಳಿನ ಪಲ್ಯ. ಬಟ್ಟೆಯಲ್ಲಿ ಸುತ್ತಿದ ಎಂಟು ರೊಟ್ಟಿ ಬೇರೆ, ರಾತ್ರಿಗೂ ಆಗಬೇಕಲ್ಲ. ಸಾರು ಇನ್ನೂ ಹಬೆಯಾಡುತ್ತಿತ್ತು. ತಲುಪುವ ಹೊತ್ತಿಗೆ ಅದು ಆರಿರುತ್ತದೆ, ಆರಿದೆ ಎಂದು ಅತ್ತೆ ಹೇಳುತ್ತಾರೆ, ನಾನು ಬಡಿಸುತ್ತೇನೆ. ಹನ್ನೊಂದು ತಿಂಗಳಿಂದ ಇದು ಒಂದು ದಿನವೂ ತಪ್ಪಿಲ್ಲ.

ಅತ್ತೆ ಹಾಲಮ್ಮ, ನನ್ನ ಗಂಡ ರುದ್ರಮುನಿ ಇಬ್ಬರೂ ಊಟಕ್ಕೆ ಕಾಯುವುದು ನಮ್ಮ ಪಡಸಾಲೆಯಲ್ಲಿ. ಪಡಸಾಲೆ ಇರುವುದು ಅಡುಗೆಮನೆಯ ಹೊಸಿಲಿನಾಚೆ, ಒಂದೇ ಹೆಜ್ಜೆ. ಆದರೆ ನಾನು ಅಲ್ಲಿಗೆ ಹೋಗಬೇಕಾದರೆ ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಇಡೀ ಊರು ಹಾದು, ಮುಂಬಾಗಿಲಿನಿಂದ ಒಳಗೆ ಬರಬೇಕು. ಒಂದೂಕಾಲು ಗಂಟೆಯ ನಡಿಗೆ. ಯಾಕೆಂದರೆ ಈ ವರ್ಷ ಗೆರೆ ಬಿದ್ದದ್ದು ನಮ್ಮ ಅಡುಗೆಮನೆಯ ಹೊಸಿಲ ಮೇಲೆ.

ಆ ಬಾಗಿಲು ತೆರೆದರೆ ಕಾಣುವುದು ಬರೀ ಬಿಳಿ. ಗೋಡೆಯಲ್ಲ, ಮಂಜಲ್ಲ; ಅಂಗಡಿಯಿಂದ ಈಗಷ್ಟೇ ತಂದ ಮಾದರಪಾಟು ಬಟ್ಟೆಯ ಬಿಳಿ. ಕೈ ಚಾಚಿದರೆ ಏನೂ ತಗುಲುವುದಿಲ್ಲ, ಕಾಲಿಡಲು ನೆಲವೂ ಇಲ್ಲ. ಕೂಗಿದರೆ ಕೂಗು ಆಚೆ ದಾಟುವುದಿಲ್ಲ. ಮೊದಲ ವಾರ ದಿನಾ ತೆರೆದು ನೋಡುತ್ತಿದ್ದೆ. ಆಮೇಲೆ ಬೇಸರವಾಗಿ ಬಾಗಿಲಿಗೆ ಈರುಳ್ಳಿ ಬುಟ್ಟಿ ಅಡ್ಡ ಇಟ್ಟೆ.

ನಮ್ಮೂರು ಉಂಡೆಯ ಹಾಗಿದೆ. ಯಾವ ದಿಕ್ಕಿಗೆ ಹೊರಟರೂ ನೆಟ್ಟಗೆ ನಡೆಯುತ್ತಿದ್ದರೆ ಹೊರಟ ಮನೆಗೇ ಬರುತ್ತೇವೆ. ಹಿರಿಯರು ಇದನ್ನು ಬಟ್ಟೆಯ ಮೇಲೆ ಬರೆಸಿ ಚಾವಡಿಯ ಗೋಡೆಗೆ ತೂಗುಹಾಕುತ್ತಾರೆ. ಯುಗಾದಿಯ ಬೆಳಿಗ್ಗೆ ನಕ್ಷೆ ಗೋಡೆ ಏರಿತೆಂದರೆ ಮುಂದಿನ ಯುಗಾದಿಯವರೆಗೆ ನಕ್ಷೆ ಹೇಗಿದೆಯೋ ಊರು ಹಾಗೆ. ಮನುಷ್ಯರು, ದನಕರು, ಪಾತ್ರೆಪಡಗ ಇದ್ದ ಹಾಗೇ ಇರುತ್ತವೆ. ನೆಲ, ಗೋಡೆ, ದಾರಿ ಮಾತ್ರ ನಕ್ಷೆಯ ಮಾತು ಕೇಳುತ್ತವೆ. ಬಟ್ಟೆ ಎಲ್ಲಿ ಮುಗಿಯಿತೋ ಅಲ್ಲಿ ಊರು ಮುಗಿಯಿತು. ಉಂಡೆಯನ್ನು ಬಟ್ಟೆಗೆ ಇಳಿಸಬೇಕಾದರೆ ಒಂದು ಕಡೆ ಸೀಳಲೇಬೇಕು. ಆ ಸೀಳಿನ ಗೆರೆ ಬಡಗಿನಿಂದ ತೆಂಕಿಗೆ ಜಾಲಿ ಕುರುಚಲಿನಲ್ಲಿ, ಆಡು ಮೇಯುವ ಬಯಲಿನಲ್ಲಿ ಹಾದು ಬರುತ್ತದೆ. ದಾರಿಯಲ್ಲಿ ಸಿಗುವುದು ನಮ್ಮ ಓಣಿ ಒಂದೇ. ಓಣಿಯಲ್ಲಿ ಪ್ರತಿ ವರ್ಷ ಯಾವುದಾದರೂ ಒಂದೇ ಒಂದು ಮನೆಯನ್ನು ಸೀಳಿಕೊಂಡು ಮುಂದೆ ಹೋಗುತ್ತದೆ.

ನಾನು ಚಿಕ್ಕವಳಿದ್ದಾಗ ಆಕಾರದ ನಕ್ಷೆ ಇತ್ತು. ಅದರಲ್ಲಿ ಬಾವಿ ಗುಂಡಗೇ ಇರುತ್ತಿತ್ತು, ಚೌಕದ ಮನೆ ಚೌಕವೇ. ಆದರೆ ಬಡಗಣ ಬೀದಿ ಊದಿಕೊಂಡು, ಅಲ್ಲಿಯ ಸಾಹುಕಾರರ ಪಡಸಾಲೆ ಗದ್ದೆಯಷ್ಟಾಗಿತ್ತು. ಅವರ ಮನೆಯ ಸೊಸೆಯರು ಬೆಳಿಗ್ಗೆ ಕಸ ಗುಡಿಸಲು ಹಿಡಿದರೆ ಮಧ್ಯಾಹ್ನಕ್ಕೆ ಆಚೆ ಗೋಡೆ ಮುಟ್ಟುತ್ತಿದ್ದರು. ನಡುಬೀದಿಯವರು ಮಾತ್ರ ಒಬ್ಬರ ಮೇಲೊಬ್ಬರು ಮಲಗುತ್ತಿದ್ದರು. ಕೊನೆಗೆ ಜಗಳವಾಗಿ, ಎಲ್ಲರಿಗೂ ಅವರವರ ಪಾಲಿನ ನೆಲ ಸಿಗಲೇಬೇಕೆಂದು ಪಾಲಿನ ನಕ್ಷೆ ಬಂತು. ಪಾಲೇನೋ ಸರಿಯಾಗಿ ಬಂತು, ಆಕಾರ ಹೋಯಿತು. ಅಂಚಿಗೆ ಹೋದಷ್ಟೂ ಎಲ್ಲ ಹಿಂಡಿ ಹಿಗ್ಗಿಸಿದ ಹಾಗೆ. ನನ್ನ ಅಡುಗೆಮನೆ ಈಗ ಬಸ್ಸಿನಂತೆ ಉದ್ದ. ಒಲೆಯಿಂದ ನೀರಿನ ಹಂಡೆಗೆ ಮೂವತ್ತೆಂಟು ಹೆಜ್ಜೆ. ಎದುರಿನಿಂದ ಇನ್ನೊಬ್ಬರು ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಲೆಕ್ಕದಲ್ಲಿ ಒಂದು ಅಂಗುಲವೂ ಕಮ್ಮಿಯಿಲ್ಲವಂತೆ. ಹಾಗೆಂದು ಬರೆದುಕೊಟ್ಟಿದ್ದಾರೆ.

ಕ್ಯಾರಿಯರು ಹಿಡಿದು ಹೊರಟೆ. ಹಿತ್ತಿಲ ಬೇಲಿಯ ಆಚೆ ಮಾಬೂಬಿಯ ಮನೆ. ಗೆರೆ ಬಿದ್ದ ಮೇಲೆ ಅಡುಗೆಮನೆಯ ಕಡೆಗೆ ನನಗಿರುವ ನೆರೆ ಅವಳೊಬ್ಬಳೇ. ಹೂ ಕಟ್ಟುತ್ತಾಳೆ. ಎಡಗಾಲು ಚಿಕ್ಕಂದಿನಿಂದ ಸೊಟ್ಟ. ಬಾಗಿಲಿನಿಂದ ನಲ್ಲಿಗೆ ಹೋಗಿ ಬರುವುದರಲ್ಲಿ ಎರಡು ಸಲ ಕೂರುತ್ತಾಳೆ. ಒಳಗೆ ಮಂಚದ ಮೇಲೆ ಅವಳ ತಾಯಿ. ನಾಲ್ಕು ವರ್ಷದಿಂದ ಎದ್ದಿಲ್ಲ, ಗಂಟೆಗೊಂದು ಸಲ ಮಗ್ಗುಲು ಬದಲಿಸಬೇಕು.

"ಹೊರಟ್ಯಾ ಇಂದಕ್ಕಾ, ತೇರು ಎಳ್ಯೋಕೆ?" ಎಂದಳು ಮಾಬೂಬಿ, ಬಾಯಲ್ಲಿ ನಾರು ಕಚ್ಚಿಕೊಂಡೇ.

"ಹೊರಟೆ ಕಣೆ. ನಿನ್ನ ಭಾವನಿಗೆ ಹಸಿವಾಗಿದೆ."

"ಹಸಿವಾದ ಗಂಡಸಿಗೆ ಕಾಲು ಬರಲ್ವಾ? ನನ್ನ ಹಂಗೆ ಅವರ್ದೂ ಸೊಟ್ಟ ಏನು?"

"ಕಾಲು ನೆಟ್ಟಗೇ ಇದೆ. ಕ್ಯಾರಿಯರ್ ಹಿಡಿದ್ರೆ ಸೊಟ್ಟ ಆಗುತ್ತೆ ಅಂತ ಭಯ." ಅವಳು ನಗುವುದು ಕೆರೆ ಏರಿಯವರೆಗೂ ಕೇಳಿಸುತ್ತಿತ್ತು.

ಮಾಬೂಬಿಯ ಮನೆ ದಾಟಿದರೆ ಕೆರೆ. ಬಡಗು ತೆಂಕಾಗಿ ಉದ್ದಕ್ಕೆ ಮಲಗಿದ ಕೆರೆ. ಏರಿ ಇಳಿದರೆ ಗಾಣದ ಬೀದಿ, ಆಮೇಲೆ ಸಂತೆ ಮಾಳ, ಆಮೇಲೆ ನಡುಊರಿನ ಚಾವಡಿ. ಅಲ್ಲಿ ಎಲ್ಲವೂ ಸರಿಯಾದ ಆಕಾರದಲ್ಲಿರುತ್ತದೆ. ನಕ್ಷೆಯ ನಡುವೆ ಇರುವವರಿಗೆ ನಕ್ಷೆಯ ತೊಂದರೆ ಗೊತ್ತಾಗುವುದಿಲ್ಲ. ಅಲ್ಲಿಂದ ಮತ್ತೆ ಅಷ್ಟೇ ದೂರ ನಡೆದು, ಮತ್ತೆ ಎಲ್ಲ ಸೊಟ್ಟಗಾಗುತ್ತ ಬಂದು, ಕೊನೆಗೆ ನನ್ನ ಮನೆಯ ಮುಂಬಾಗಿಲು.

"ಬಂದ್ಲು ನೋಡು ಮಹಾರಾಯ್ತಿ," ಎಂದರು ಅತ್ತೆ. ಡಬ್ಬಿಗೆ ಬೆರಳು ಮುಟ್ಟಿಸಿದರು. "ಸಾರು ಆರಿದೆ."

ಒಂದು ವರ್ಷದ ಮಟ್ಟಿಗೆ ಪಡಸಾಲೆಯಲ್ಲೇ ಒಂದು ಒಲೆ ಇಟ್ಟುಕೊಳ್ಳೋಣ ಎಂದು ಮೊದಲ ದಿನವೇ ಹೇಳಿದ್ದೆ. ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು. "ಪಡಸಾಲೇಲಿ ಒಲೆ ಹೂಡೋದು ಸಾವಾದ ಮನೇಲಿ. ನಾನಿನ್ನೂ ಬದುಕಿದೀನಿ." ಅಲ್ಲಿಗೆ ಆ ಮಾತು ಮುಗಿದಿತ್ತು. ಬೆಳಗಿನ ಕಾಫಿಯನ್ನು ಇಬ್ಬರೂ ಮೂಲೆಯ ಹೋಟೆಲಿನಿಂದ ತರಿಸಿ ಕುಡಿಯುತ್ತಾರೆ. ಮನೆತನದ ಮಾನ ಹೋಟೆಲಿನ ಲೋಟದಲ್ಲಿ ಹೋಯಿತು ಎಂಬುದೂ ನನ್ನ ತಲೆಯ ಮೇಲೆಯೇ.

ರುದ್ರಮುನಿ ನಿವೃತ್ತ ಗಣಿತದ ಮೇಷ್ಟ್ರು. ರೊಟ್ಟಿ ಮುರಿಯುತ್ತಾ, "ನೀನು ಕೆರೆ ಏರಿ ಮೇಲೆ ಬರ್ತೀಯಾ?" ಎಂದರು.

"ಹೂಂ."

"ಅದಕ್ಕೇ ಸಾರು ಆರೋದು. ಏರಿ ಮೇಲೆ ಗಾಳಿ. ಕೆಳಗಿನ ದಾರಿ ಹಿಡಿ, ಏಳು ನಿಮಿಷ ಉಳಿಯುತ್ತೆ. ನಾನು ಲೆಕ್ಕ ಹಾಕಿದೀನಿ."

"ಕೆಳಗಿನ ದಾರೀಲಿ ಮೂರು ಗುಂಡಿ ಇದಾವೆ."

"ಗುಂಡಿ ದಾಟೋಕೆ ಎರಡು ನಿಮಿಷ ಕಳೀ. ಆಗಲೂ ಐದು ಉಳೀತು." ಹನ್ನೊಂದು ತಿಂಗಳಲ್ಲಿ ಅವರು ಆ ದಾರಿಯನ್ನು ಒಂದು ಸಲವೂ ನಡೆದಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ನಡೆದಿದ್ದಾರೆ.

ಆದರೆ ಅವರನ್ನು ಮಾತ್ರ ಬಯ್ದು ಏನು ಮಾಡಲಿ? ನಮ್ಮ ಮನೆಯನ್ನು ಸೀಳಿದ ಹೊಲಿಗೆ ಹಾಕಿದವಳು ನಾನೇ. ನಾನು ಈ ಊರಿನ ಟೈಲರು. ಹೆಂಗಸರ ರವಿಕೆ ಹೊಲಿಯುತ್ತೇನೆ, ಮತ್ತು ವರ್ಷಕ್ಕೊಮ್ಮೆ ನಕ್ಷೆಯ ಅಂಚು ಮಡಿಚಿ ಹೊಲಿಯುತ್ತೇನೆ. ಒಂಬತ್ತು ವರ್ಷದಿಂದ ಆ ಕೆಲಸ ನನ್ನದೇ. ಬರೆಯುವವರು ಎಡಕ್ಕೂ ಬಲಕ್ಕೂ ನಾಲ್ಕು ಬೆರಳು ಹೆಚ್ಚಾಗಿ ಬರೆದು ಕಳಿಸುತ್ತಾರೆ. ನಮ್ಮ ಓಣಿ, ಕೆರೆ, ಜಾಲಿ ಬಯಲು ಎಲ್ಲ ಎರಡೂ ಅಂಚಿನಲ್ಲಿ ಎರಡೆರಡು ಸಲ ಬಂದಿರುತ್ತವೆ. ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿರುತ್ತಾರೆ. ಆ ಗೆರೆಗೆ ಸರಿಯಾಗಿ ಎರಡೂ ಕಡೆ ಮಡಿಚಿ ಹೊಲಿಗೆ ಹಾಕುವುದು ನನ್ನ ಕೆಲಸ. ಹೋದ ವರ್ಷ ಪೆನ್ಸಿಲ್ ಗೆರೆ ಒಂದು ಪುಟ್ಟ ಸೊಟ್ಟ ಚೌಕದ ಮೇಲೆ ಹಾದುಹೋಗಿದ್ದು ಕಂಡಿತ್ತು. ಆ ಚೌಕ ನಮ್ಮ ಮನೆ ಎಂದೂ ತಿಳಿದಿತ್ತು. ಆದರೂ ಚಾವಡಿಯವರಿಗೆ ಗೊತ್ತಿರುವುದು ನನಗೇನು ಗೊತ್ತು ಎಂದುಕೊಂಡು, ಗೆರೆ ತಪ್ಪದ ಹಾಗೆ, ಎಷ್ಟು ನೀಟಾಗಿ ಹೊಲಿದೆನೆಂದರೆ ಅಧ್ಯಕ್ಷರು ಹೊಗಳಿದರು. ನೆನೆದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಎನಿಸುತ್ತದೆ.

ಹೊಲಿದ ಮೇಲೆ ಬಿಚ್ಚುವಂತಿಲ್ಲ. ದಾರ ಇರುವಷ್ಟು ದಿನ ತೂತು ತುಂಬಿರುತ್ತದೆ. ದಾರ ಕಿತ್ತರೆ ನಕ್ಷೆಯಲ್ಲಿ ಸೂಜಿಯ ತೂತು ಉಳಿಯುತ್ತದೆ, ಊರಲ್ಲಿ ಅದು ಗುಂಡಿಯಾಗುತ್ತದೆ. ನನಗಿಂತ ಮುಂಚೆ ಹೊಲಿಯುತ್ತಿದ್ದ ಮುದುಕಿ ಒಮ್ಮೆ ಮೂರು ಹೊಲಿಗೆ ತಪ್ಪಾಯಿತೆಂದು ಬಿಚ್ಚಿದ್ದಳಂತೆ. ಗಾಣದ ಬೀದಿಯ ಕೆಳದಾರಿಯ ಮೂರು ಗುಂಡಿಗಳು ಅವೇ. ಅಂದಿನಿಂದ ಎಷ್ಟು ನಕ್ಷೆ ಬದಲಾದರೂ ಅವು ಮುಚ್ಚಿಲ್ಲ. ಒಂದರಲ್ಲಿ ಎಮ್ಮೆ ಬಿದ್ದಿತ್ತು. ಅದಕ್ಕೇ ನಾನು ನಕ್ಷೆಗೆ ಗುಂಡುಸೂಜಿ ಕೂಡ ಚುಚ್ಚುವುದಿಲ್ಲ. ಉಗುರಿನಿಂದ ಗೀರಿ ಮಡಿಕೆ ಕೂರಿಸುತ್ತೇನೆ.

ಯುಗಾದಿಗೆ ಇನ್ನು ಇಪ್ಪತ್ತು ದಿನವಿತ್ತು. ಹಿಂತಿರುಗುವಾಗ ಖಾಲಿ ಕ್ಯಾರಿಯರು ಹಿಡಿದುಕೊಂಡೇ ಚಾವಡಿಯ ಮೆಟ್ಟಿಲು ಹತ್ತಿದೆ. ಅಧ್ಯಕ್ಷ ಓಂಕಾರಯ್ಯ ದಿಂಬಿಗೆ ಒರಗಿ ಕಿತ್ತಳೆ ಸುಲಿಯುತ್ತಿದ್ದರು. ಪಕ್ಕದಲ್ಲಿ ನಕ್ಷೆ ಬರೆಯುವ ಭೋಜರಾಜ ಹೊಸ ಬಟ್ಟೆಯ ಮೇಲೆ ಬಗ್ಗಿ ಕುಳಿತಿದ್ದ.

"ಬಾಮ್ಮ ಇಂದುಮತಿ. ಸಂಪದಳ ರವಿಕೆ ಎಲ್ಲಿಗೆ ಬಂತು?" ಎಂದರು. ಅವರ ಮಗಳ ಮದುವೆಗೆ ಹನ್ನೆರಡು ರವಿಕೆ ನನ್ನ ಹತ್ತಿರ ಕತ್ತರಿಸಿ ಬಿದ್ದಿದ್ದವು.

"ಬರುತ್ತೆ ಸ್ವಾಮಿ. ದಿನಕ್ಕೆ ಎರಡೂವರೆ ಗಂಟೆ ನಡೆಯೋದ್ರಲ್ಲೇ ಹೋಗುತ್ತೆ, ಹೊಲಿಯೋಕೆ ಹೊತ್ತು ಉಳಿದ್ರೆ ತಾನೆ. ಈ ಸಲ ಗೆರೆ ನಮ್ಮ ಮನೆ ಮೇಲೆ ಬೇಡ ಅಂತ ಕೇಳೋಕೆ ಬಂದೆ."

ಓಂಕಾರಯ್ಯ ಕಿತ್ತಳೆ ಸಿಪ್ಪೆಯನ್ನು ನೆಲದ ಮೇಲಿಟ್ಟು ಅಂಗೈಯಿಂದ ಒತ್ತಿದರು. ಅದು ನಾಲ್ಕು ಕಡೆ ಸೀಳಿತು. "ನೋಡು. ದುಂಡಗಿರೋದನ್ನ ಚಪ್ಪಟೆ ಮಾಡಿದ್ರೆ ಎಲ್ಲೋ ಒಂದ್ಕಡೆ ಹರೀಲೇಬೇಕು. ಇದು ನನ್ನ ಕೈಲಿಲ್ಲ, ಯಾರ ಕೈಲೂ ಇಲ್ಲ."

ಹೆಂಗಸರಿಗೆ ಹೇಳುವಾಗಲೆಲ್ಲ ಅವರು ಒಂದು ಕಿತ್ತಳೆ ಹಾಳು ಮಾಡುತ್ತಾರೆ. "ಗೊತ್ತು ಸ್ವಾಮಿ," ಎಂದೆ. "ಮೂವತ್ತು ವರ್ಷದಿಂದ ಚಪ್ಪಟೆ ಬಟ್ಟೇನ ದುಂಡು ಮೈಗೆ ಕೂರಿಸ್ತಾ ಬಂದಿದೀನಿ. ಎಲ್ಲೋ ಮಡಿಚಿ ಟಕ್ಸ್ ಹಿಡೀಬೇಕು, ಎಲ್ಲೋ ಬಾಯಿ ಬಿಡ್ಬೇಕು. ಹರಿಯೋದು ಬೇಡ ಅಂತ ನಾನೆಲ್ಲಿ ಅಂದೆ? ಕೆರೇಲಿ ಹರೀಲಿ. ಮಾಬೂಬಿ ಮನೆ ದಾಟಿದ್ರೆ ಕೆರೆ. ಅಲ್ಲಿ ಯಾರ ಅಡುಗೆಮನೇನೂ ಇಲ್ಲ. ಮೀನಿಗೆ ಯಾರೂ ಊಟ ಹೊತ್ಕೊಂಡು ಹೋಗ್ಬೇಕಾಗಿಲ್ಲ."

ಭೋಜರಾಜ ತಲೆ ಎತ್ತಿ ನಕ್ಕ. ಓಂಕಾರಯ್ಯ ಅವನನ್ನು ನೋಡಿದರು. ಅವನು ನಗು ನುಂಗಿದ. "ಕೆರೆಗೆ ಸರಿಸಬಹುದು ಅಕ್ಕ," ಎಂದ. "ಆದ್ರೆ ಗೆರೆ ಯಾವಾಗ್ಲೂ ನಡುವಿಗೆ ಎದುರಾಗಿ ಬೀಳೋದು. ಗೆರೆ ಎರಡು ಬೆರಳು ಸರಿದ್ರೆ ನಡುವೂ ಎರಡು ಬೆರಳು ಸರಿಯುತ್ತೆ. ಚಾವಡಿ ನಡುವಿಂದ ತಪ್ಪುತ್ತೆ."

"ತಪ್ಪಿದ್ರೆ?"

ಇಬ್ಬರೂ ನನ್ನನ್ನು ಹುಚ್ಚಿಯೇ ಎಂಬಂತೆ ನೋಡಿದರು. ಯುಗಾದಿಯ ದಿನ ನಕ್ಷೆಯನ್ನು ಏರಿಸುವ ಮುಂಚೆ ಎಲ್ಲರೆದುರು ಅಂಚಿಗೆ ಅಂಚು ಸೇರಿಸಿ ಮಡಿಚುತ್ತಾರೆ. ನಡುವಿನ ಮಡಿಕೆ ಚಾವಡಿಯ ಹೊಸಿಲ ಮೇಲೆ ಬಂದರೆ ಡೋಲು ಬಾರಿಸುತ್ತಾರೆ. ಅಜ್ಜನ ಕಾಲದಿಂದಲೂ ಅದು ಅಲ್ಲಿಗೇ ಬಂದಿದೆ, ಡೋಲೂ ಮೊಳಗಿದೆ.

"ಎರಡು ಬೆರಳು ಸರಿದ್ರೆ ನಡು ಎಲ್ಲಿಗೆ ಬರುತ್ತೆ ಗೊತ್ತಾ?" ಎಂದರು ಓಂಕಾರಯ್ಯ. "ಚಾವಡಿ ಹಿಂದಿನ ನಮ್ಮ ಎಮ್ಮೆ ಕೊಟ್ಟಿಗೇಗೆ. ಊರಿನ ನಡು ಎಮ್ಮೆ ಕೊಟ್ಟಿಗೆ ಅಂತ ಆಗ್ಲಾ?"

"ಎಮ್ಮೆಗೇನೂ ಬೇಜಾರಿಲ್ಲ ಸ್ವಾಮಿ. ನಾನು ರವಿಕೆ ಹೊಲಿಯೋವಾಗ ಹುಕ್ಕು ಹಾಕೋ ಬಾಯಿ ಎಲ್ಲಿ ಇಡ್ಲಿ ಅಂತ ತೊಡೋರನ್ನ ಕೇಳ್ತೀನಿ. ಅವರ ಕೈಗೆ ಎಟುಕೋ ಕಡೆ ಇಡ್ತೀನಿ. ನೀವು ಯಾವಾಗ್ಲೂ ಬೆನ್ನಿಗೇ ಇಡ್ತೀರಿ."

"ಊರಿಗೂ ಒಂದು ಬೆನ್ನು ಅಂತ ಇರ್ಬೇಕಲ್ಲಮ್ಮ," ಎಂದರು ಅವರು, ಒಂದು ತೊಳೆ ಬಾಯಿಗೆ ಹಾಕಿಕೊಂಡು.

ಕ್ಯಾರಿಯರಿನ ಹಿಡಿಯನ್ನು ಕೈಯಿಂದ ಕೈಗೆ ಬದಲಿಸುತ್ತಾ ನಿಂತೆ. ಅವರಿಗೇ ಏನೋ ಅನಿಸಿರಬೇಕು, ಅಥವಾ ಹನ್ನೆರಡು ರವಿಕೆಯ ನೆನಪಾಗಿರಬೇಕು. "ನಮ್ಮ ಕೆಲಸ ಮಾಡೋಳು ನೀನು. ನಿಂಗೆ ತೊಂದ್ರೆ ಆಗ್ಬಾರ್ದು. ಭೋಜಾ, ಇವರ ಮನೇನ ಬಳಸಿ ಎಳೆಯೋಕೆ ಬರಲ್ವೇನೋ?"

"ಒಂದು ಮನೆಯಷ್ಟು ಬಳಸಬಹುದು," ಎಂದ ಭೋಜರಾಜ. "ಕೆರೆ ತನಕ ಬಳಸಿದ್ರೆ ಅಂಚು ಬಾಲದ ಥರ ನೇತಾಡುತ್ತೆ. ಒಂದು ಮನೆಯಷ್ಟಾದ್ರೆ ಯಾರಿಗೂ ಗೊತ್ತಾಗಲ್ಲ."

"ಅಷ್ಟೇ ಮಾಡು." ಓಂಕಾರಯ್ಯ ನನ್ನತ್ತ ತಿರುಗಿ ಕೈ ಮುಗಿಯುವಂತೆ ಮಾಡಿದರು. "ಆಯ್ತಾ? ನಿನ್ನ ಮನೆ ಉಳೀತು. ಹೋಗಿ ರವಿಕೆ ಹೊಲಿ."

ಸಂತೋಷ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಏರಿಯ ಮೇಲೆ ಬರುವಾಗ ಕಾಲು ಹಗುರವಾಗಿತ್ತು. ಇನ್ನಿಪ್ಪತ್ತು ದಿನ, ಆಮೇಲೆ ಈರುಳ್ಳಿ ಬುಟ್ಟಿ ಸರಿಸಿ ಬಾಗಿಲು ತೆರೆದರೆ ಪಡಸಾಲೆ. ಬಿಸಿ ಸಾರು. ಅತ್ತೆಗೆ ಬಯ್ಯಲು ಬೇರೆ ಏನಾದರೂ ಹುಡುಕಬೇಕಾಗುತ್ತದೆ, ಪಾಪ. ಒಂದು ಮನೆಯಷ್ಟು ಬಳಸಿದರೆ ಗೆರೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಆಗ ಯೋಚಿಸಲಿಲ್ಲ. ಯೋಚಿಸಲಿಲ್ಲವೋ, ಯೋಚನೆ ಬಾಗಿಲಿಗೆ ಬಂದಾಗ ಅದಕ್ಕೂ ಒಂದು ಬುಟ್ಟಿ ಅಡ್ಡ ಇಟ್ಟೆನೋ.

ಹದಿನೈದು ದಿನದ ಮೇಲೆ ಬಟ್ಟೆ ಬಂತು. ಭೋಜರಾಜನೇ ತಂದುಕೊಟ್ಟ, ಎಂದಿನಂತೆ ಕೂತು ಮಾತಾಡಲಿಲ್ಲ, ಅವಸರವಿದೆ ಎಂದು ಹೊರಟುಹೋದ. ಅಡುಗೆಮನೆಯ ಮೂಲೆಯ ಹೊಲಿಗೆ ಮಷಿನಿನ ಪಕ್ಕ ಚಾಪೆ ಹಾಸಿ ಬಟ್ಟೆ ಬಿಡಿಸಿದೆ. ಗೆರೆ ಬಡಗಿನಿಂದ ನೆಟ್ಟಗೆ ಬಂದು, ನಮ್ಮ ಓಣಿಯ ಹತ್ತಿರ ಸ್ವಲ್ಪ ಬಳುಕಿ, ನಮ್ಮ ಮನೆಯ ಪುಟ್ಟ ಚೌಕವನ್ನು ಗೌರವದಿಂದ ಸುತ್ತಿ, ಅದರ ಹಿಂದಿನ ಚೌಕದ ನಟ್ಟನಡುವೆ ಹಾದು, ಮತ್ತೆ ನೆಟ್ಟಗಾಗಿತ್ತು. ಭೋಜರಾಜನ ಕೈಬರಹ ಬಹಳ ಸೂಕ್ಷ್ಮ. ಮನೆಯೊಳಗಿನ ಗೋಡೆಗಳನ್ನೂ ಬರೆಯುತ್ತಾನೆ. ಮಾಬೂಬಿಯ ಒಲೆ, ಬಚ್ಚಲು, ನಲ್ಲಿ ಗೆರೆಯ ಈಚೆ. ತಾಯಿಯ ಮಂಚ ಆಚೆ.

ಬಟ್ಟೆಯನ್ನು ಹಾಗೇ ಮಡಿಚಿಟ್ಟು, ಅಂದಿನ ಕ್ಯಾರಿಯರು ಹಿಡಿದು ಹೊರಟೆ. ಚಾವಡಿಗೆ ಹೋದೆ. ಓಂಕಾರಯ್ಯ ಮದುವೆಯ ಚಪ್ಪರದವರೊಂದಿಗೆ ಮಾತಾಡುತ್ತಿದ್ದರು. ನಿಂತೇ ಹೇಳಿದೆ: ಮಾಬೂಬಿಗೆ ನಡೆಯಲು ಕಾಲಿಲ್ಲ, ತಾಯಿ ಎದ್ದೇಳುವುದಿಲ್ಲ, ಒಂದೂಕಾಲು ಗಂಟೆ ಸುತ್ತಿ ಹೋಗಿ ಮಗ್ಗುಲು ಬದಲಿಸಲು ಅವಳಿಂದ ಆಗುವುದಿಲ್ಲ.

"ಯಾರಾದ್ರೂ ಒಬ್ಬರ ಮನೆ ಆಗ್ಲೇಬೇಕಲ್ಲಮ್ಮ," ಎಂದರು. "ಒಂದು ವರ್ಷ ತಾನೆ? ಮುಂದಿನ ಸಲ ಅವರನ್ನೂ ಬಳಸೋಣ."

"ಆ ಮುದುಕಿಗೆ ಒಂದು ವರ್ಷ ಅಂದ್ರೆ ಎಷ್ಟು ಅಂತ ಗೊತ್ತಾ ಸ್ವಾಮಿ?"

"ಹಂಗಾದ್ರೆ ನಿನ್ನ ಮನೆ ಮೇಲೇ ಇರ್ಲಿ ಬಿಡು. ನಮಗೇನು? ಹೇಳು, ಅಳಿಸಿ ಬರೀತಾನೆ." ಚಪ್ಪರದವನು ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ನಕ್ಕ. ನಾನು ಕ್ಯಾರಿಯರು ಹಿಡಿದು ಮೆಟ್ಟಿಲಿಳಿದೆ. ಒಪ್ಪಿಕೊಂಡೆ ಎಂದು ಅವರು ತಿಳಿದರು.

ಪಡಸಾಲೆಯಲ್ಲಿ ಡಬ್ಬಿ ಬಿಚ್ಚುತ್ತಾ ಗಂಡನಿಗೆ ಹೇಳಿದೆ. ಅವರು ಕೈ ತೊಳೆದು ಬಂದು ಕುಳಿತರು. "ಊರ ಉಸಾಬರಿ ನಿನಗ್ಯಾಕೆ? ನಮ್ಮ ಮನೆ ಉಳೀತಲ್ಲ. ಒಂದು ಅಂದ್ರೆ ಒಂದೇ ಮನೆ. ಯಾವುದಾದ್ರೂ ಉತ್ತರ ಒಂದೇ."

"ಆ ಮುದುಕಿಗೆ ಅನ್ನ ಯಾರು ಕೊಡ್ತಾರೆ?"

"ನೀನೇ ಇದೀಯಲ್ಲ," ಎಂದರು ಅತ್ತೆ. ಅವರು ಚುಚ್ಚಲು ಹೇಳಿದರೋ, ನಿಜವಾಗಿಯೇ ಹೇಳಿದರೋ, ಗೊತ್ತಾಗಲಿಲ್ಲ. "ಹನ್ನೊಂದು ತಿಂಗಳು ನಡೆದು ಅಭ್ಯಾಸ ಆಗಿದೆ. ಸಾರು ಆರಿದೆ ಕಣೇ ಇವತ್ತೂ."

ಅಂದು ಹಿಂತಿರುಗುವಾಗ ನಾನು ಕೆಳದಾರಿ ಹಿಡಿದೆ. ಮೂರೂ ಗುಂಡಿಗಳ ಅಂಚಿನಲ್ಲಿ ನಿಂತು ಬಗ್ಗಿ ನೋಡಿದೆ. ಒಂದೊಂದೂ ಎಷ್ಟು ಗುಂಡಗಿದ್ದವೆಂದರೆ, ಯಾವ ನಕ್ಷೆಯೂ ಅವುಗಳ ಆಕಾರ ಕೆಡಿಸಿರಲಿಲ್ಲ. ಎಣಿಸಿದೆ: ಮೂರು ಹೊಲಿಗೆಗೆ ಮೂರು ಗುಂಡಿ. ಎರಡೂ ಅಂಚು ಸೇರಿ ನಾನು ಹಾಕುವ ಹೊಲಿಗೆ ಸಾವಿರಕ್ಕೂ ಮೇಲೆ. ಒಂದು ಸಲ ಹಾಕಿದರೆ, ಎಷ್ಟೇ ಕೋಪ ಬಂದರೂ, ಬಿಚ್ಚಿ ಎನ್ನಲು ಈ ಊರಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಯುಗಾದಿಗೆ ಉಳಿದ ಐದು ದಿನದಲ್ಲಿ ಬೇರೆ ನಕ್ಷೆ ಬರೆಯಲೂ ಆಗುವುದಿಲ್ಲ. ಗಂಡ ಹೇಳಿದ್ದು ಸುಳ್ಳು. ಐದು ನಿಮಿಷವಲ್ಲ, ಮೂರೇ ಉಳಿಯಿತು.

ಮನೆಗೆ ಬಂದು ಕೈಕಾಲು ತೊಳೆದು ಮಷಿನಿನ ಮುಂದೆ ಕುಳಿತಾಗ ಇನ್ನೂ ಬಿಸಿಲಿತ್ತು. ಸಂಪದಳ ಹನ್ನೆರಡು ರವಿಕೆಗಳಲ್ಲಿ ಒಂಬತ್ತು ಮುಗಿದಿದ್ದವು. ಎಲ್ಲವಕ್ಕೂ ಬೆನ್ನಿಗೆ ಹುಕ್ಕು. ಅದೇ ಈಗಿನವರಿಗೆ ಬೇಕು. ಮದುವೆಯ ಮನೆಯಲ್ಲಿ ಹುಕ್ಕು ಹಾಕಲು ಹತ್ತು ಕೈಗಳಿರುತ್ತವೆ. ಆಮೇಲೆ ಒಬ್ಬಳೇ ಕನ್ನಡಿಯ ಮುಂದೆ ನಿಂತಾಗ ಏನು ಮಾಡುತ್ತಾಳೆ ಎಂದು ಅವಳ ತಾಯಿಯೇ ಕೇಳಿದ್ದರು. ರವಿಕೆಗಳನ್ನು ಪಕ್ಕಕ್ಕೆ ಸರಿಸಿದೆ. ಉಳಿದ ಮೂರು ಇನ್ನು ಬೇರೆಯವರ ಕೈಗೆ ಹೋಗುತ್ತವೆ. ಈ ಊರಿನ ನಕ್ಷೆಯೂ ಇನ್ನು ನನ್ನ ಮನೆಗೆ ಬರುವುದಿಲ್ಲ. ಅದಕ್ಕೆ ದುಃಖವೇ ಆಯಿತು. ಒಂಬತ್ತು ವರ್ಷ ಹೊಲಿದ ಕೆಲಸ.

ಬಟ್ಟೆ ಬಿಡಿಸಿದೆ. ಎಡ ಅಂಚಿನಲ್ಲಿ ಮೊದಲು ನಮ್ಮ ಮನೆ, ಆಮೇಲೆ ಮಾಬೂಬಿಯ ಮನೆ, ಆಮೇಲೆ ಕೆರೆ. ಬಲ ಅಂಚಿನಲ್ಲೂ ಅವೇ, ಮತ್ತೊಮ್ಮೆ. ಪೆನ್ಸಿಲ್ ಗೆರೆಯ ಮೇಲೆ ಬೆರಳಿಟ್ಟೆ. ಅಲ್ಲಿಂದ ಕೆರೆಯ ನಡುನೀರಿಗೆ ಸರಿಯಾಗಿ ಎರಡು ಬೆರಳು. ಈ ಕಡೆ ಎರಡು ಬೆರಳು ಹೆಚ್ಚು ಒಳಗೆ ಹಿಡಿದು, ಆ ಕಡೆ ಎರಡು ಬೆರಳು ಬಿಟ್ಟುಕೊಡುವುದು. ದಪ್ಪಗಾದವರ, ತೆಳ್ಳಗಾದವರ ರವಿಕೆಗೆ ದಿನಬೆಳಗಾದರೆ ಮಾಡುವ ಕೆಲಸ. ಬಟ್ಟೆಯನ್ನು ಅರ್ಧಕ್ಕೆ ಮಡಿಚಿ ನೋಡಿದೆ. ಮಡಿಕೆ ಬಂದದ್ದು ಕೊಟ್ಟಿಗೆಯ ಮೇಲೇ. ಭೋಜರಾಜ ಅಲ್ಲಿ ಒಂದು ಎಮ್ಮೆಯನ್ನೂ ಬರೆದಿದ್ದ, ಕೊಂಬು ಸಮೇತ.

ಕಿಟಕಿಯಾಚೆ ಮಾಬೂಬಿ ನೀರಿಗೆ ಬಂದಿದ್ದಳು. ಕೊಡವನ್ನು ನಲ್ಲಿಗೆ ಹಿಡಿದು, ಬೇಲಿಗೆ ಒರಗಿ ಕಾಲಿಗೆ ವಿಶ್ರಾಂತಿ ಕೊಡುತ್ತಾ, "ಇಂದಕ್ಕಾ, ಬಟ್ಟೆ ಬಂತಂತಲ್ಲ. ಈ ಸಲ ಗೆರೆ ಯಾರ ಮನೇಗೆ?" ಎಂದು ಕೂಗಿದಳು.

"ಇನ್ನೂ ಸರಿಯಾಗಿ ನೋಡಿಲ್ಲ ಕಣೆ."

"ನಿನ್ನ ಮನೇಗಂತೂ ಬೇಡಪ್ಪ. ಆ ಸಾರಿನ ಗೋಳು ನನ್ನ ಕೈಲೇ ಕೇಳೋಕಾಗಲ್ಲ."

"ಕೊಡ ತುಂಬಿ ಹೊರಗೆ ಹೋಗ್ತಿದೆ, ನೋಡ್ಕೋ."

ಅವಳು ನಲ್ಲಿ ನಿಲ್ಲಿಸಿ, ಕೊಡ ಸೊಂಟಕ್ಕೇರಿಸಿ, ಎರಡು ಸಲ ಕೂತು ಎದ್ದು ಒಳಗೆ ಹೋದಳು. ಒಳಗೆ ತಾಯಿಯನ್ನು ಮಗ್ಗುಲಿಗೆ ಹೊರಳಿಸುವಾಗ ಮಂಚ ಕಿರುಗುಟ್ಟಿದ್ದು ಕೇಳಿಸಿತು. ನಾನು ಬಾಬಿನ್ನು ತೆಗೆದು ನೋಡಿದೆ. ದಾರ ಅರ್ಧವೇ ಇತ್ತು. ನಡುವೆ ಮುಗಿದುಹೋಗಬಾರದೆಂದು ತುಂಬಿಸಿದೆ. ಹೊಲಿಗೆಯನ್ನು ಸಣ್ಣಕ್ಕೆ ತಿರುಗಿಸಿದೆ, ಬಿಚ್ಚಲು ಹೊರಟವರ ಕಣ್ಣು ನೋಯುವಷ್ಟು ಸಣ್ಣಕ್ಕೆ. ಎಡ ಅಂಚನ್ನು ಎರಡು ಬೆರಳು ಹೆಚ್ಚಿಗೆ ಮಡಿಚಿ, ನಡುನೀರಿನ ಉದ್ದಕ್ಕೂ ಉಗುರು ಗೀರಿ, ಮಷಿನಿನ ಪಾದದ ಕೆಳಗೆ ಬಟ್ಟೆ ಇಟ್ಟು, ಪೆಡಲಿನ ಮೇಲೆ ಕಾಲಿಟ್ಟೆ.